ಅಪ್ಪನ ಕಡೆಯ ರಕ್ತ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಮೇಣದಕ್ಕ ಎನ್ನುತ್ತಿದ್ದರು. ರೋಗಿಯ ಮೈಯಿಂದ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬೆಚ್ಚಗಿನ ನೀರಿನಲ್ಲಿ ತೇಲಿಸಿ ಗಾಜಿನ ಪಟ್ಟಿಗೆ ಎತ್ತಿಕೊಳ್ಳುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಬಣ್ಣ ಹಾಕಿದ ಮೇಲೆ ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಯಾವ ಜಾತಿಯ ಕ್ಯಾನ್ಸರ್, ಎಷ್ಟು ಉಗ್ರ ಎಂದು ಬರೆಯುತ್ತಿದ್ದರು.

ಒಂದು ದಿನ ಬಂದ ಚೂರು ಅವಳ ಸ್ವಂತ ತಂಗಿಯದು.

"ಬೇರೆ ಯಾರಿಗಾದ್ರೂ ಕೊಡಮ್ಮ" ಎಂದರು ಡಾಕ್ಟರಮ್ಮ.

"ನನಗಿಂತ ಚೆನ್ನಾಗಿ ಯಾರು ಕೊಯ್ತಾರೆ ಹೇಳಿ" ಎಂದು ಅವಳೇ ಕೂತಳು.

ಅಂಡಾಶಯದ ಕ್ಯಾನ್ಸರ್. ಉಗ್ರ ಜಾತಿಯದು. ಹೊಟ್ಟೆಯ ಒಳಪದರದ ಮೇಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಹರಡಿ ಮೂರನೇ ಹಂತ ಮುಟ್ಟಿತ್ತು. ತಂಗಿಗಿನ್ನೂ ನಲವತ್ತೊಂದು.

ಸುದ್ದಿ ಕೇಳಿ ಮನೆಗೆ ಬಂದ ಅತ್ತೆ, ಅಂದರೆ ಅಪ್ಪನ ತಂಗಿ, ಕೂರುವ ಮೊದಲೇ ತೀರ್ಪು ಕೊಟ್ಟಳು: "ತಾಯಿ ಕಡೆ ರಕ್ತ, ಇನ್ನೇನು!" ಅಮ್ಮನ ಅಕ್ಕ ಹೊಗೆಸೊಪ್ಪು ಜಗಿದು ಜಗಿದು ಬಾಯಿಯ ಕ್ಯಾನ್ಸರಿನಿಂದ ಸತ್ತಿದ್ದಳು. ಅದೊಂದೇ ಸಾಕಾಗಿತ್ತು. ಅಮ್ಮ ತಂಗಿಯ ಕಾಲೊತ್ತುತ್ತ, "ನನ್ನಿಂದಾಯ್ತಲ್ಲ ಮಗಳೇ" ಎಂದು ಅತ್ತಳು. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ.

ಈ ಜಾತಿಯ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಇಳಿದು ಬರುತ್ತದೆಂದು ಡಾಕ್ಟರಮ್ಮ ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ತಂಗಿಯ ಒಂದು ಜೀನ್ ಕೆಟ್ಟಿತ್ತು. ಅಮ್ಮನಲ್ಲಿ ದೋಷವಿರಲಿಲ್ಲ. ಇದ್ದದ್ದು ಅಪ್ಪನಲ್ಲಿ.

"ಗಂಡಸಿಗೆ ಎಲ್ಲಿಯ ಅಂಡಾಶಯ!" ಎಂದು ಅಪ್ಪ ರೇಗಿದರು.

"ಜೀನ್ ದಾಟಿಸೋಕೆ ಅಂಡಾಶಯ ಬೇಕಿಲ್ಲ ಯಜಮಾನ್ರೇ. ನಿಮ್ಮಿಂದ ಪ್ರತಿ ಮಗುವಿಗೂ ಅದು ಹೋಗೋ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಅಕ್ಕತಂಗೀರಲ್ಲಿ ಯಾರಿಗಾದ್ರೂ ಹೀಗಾಗಿತ್ತಾ?"

ಅಪ್ಪ ತಮ್ಮ ಚಪ್ಪಲಿ ನೋಡುತ್ತ ಕೂತರು. ಮೇಣದಕ್ಕನಿಗೆ ಆ ಜೀನ್ ಬಂದಿರಲಿಲ್ಲ. ತಂಗಿಗೆ ಬಂದು ತನಗೆ ಬಾರದಿದ್ದುದಕ್ಕೂ ಅವಳಿಗೆ ಸಿಟ್ಟು ಬಂತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ಆದರೆ ಅಪ್ಪ ಹೇಳದ್ದನ್ನು ಹೇಳಬಲ್ಲವಳು ಒಬ್ಬಳಿದ್ದಳು. ನೇರ ಅತ್ತೆಯ ಮನೆಗೆ ನಡೆದಳು.

ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದಳು.

"ನಿಮ್ಮ ದೊಡ್ಡಕ್ಕ, ನಮ್ಮ ದೊಡ್ಡತ್ತೆ, ಹೇಗೆ ಸತ್ರು?"

"ಹೊಟ್ಟೆನೋವು ಅಂತ..."

"ಆ ಕಥೆ ನನ್ನ ಹತ್ರ ಬೇಡ."

ಅತ್ತೆಯ ದನಿ ಇಳಿಯಿತು. "ಹೊಟ್ಟೇಲಿ ನೀರು ತುಂಬ್ಕೊಂಡಿತ್ತು. ನಡುವಿನ ಅಕ್ಕನಿಗೆ ಎದೇಲಿ ಗಂಟು. ಬಾಯಿ ಬಿಡಬೇಡಿ ಅಂದ್ರು ನಮ್ಮಪ್ಪ. ಹೇಳಿದ್ರೆ ನನ್ನ ಯಾರು ಮದುವೆ ಆಗ್ತಿದ್ರು?"

"ನಿಮ್ಮ ಮದುವೆ ಆಗಿ ನಲವತ್ತು ವರ್ಷ ಆಯ್ತು! ಆಮೇಲಾದ್ರೂ ಹೇಳಬಹುದಿತ್ತಲ್ಲ? ನಮ್ಮಮ್ಮನ ಮೇಲೆ ಗೂಬೆ ಕೂರಿಸೋಕೆ ಮಾತ್ರ ನಾಲಿಗೆ ಇತ್ತಾ?"

"ನನಗೇನೂ ಆಗಿಲ್ಲವಲ್ಲೇ."

"ನಿಮ್ಮ ಮಗಳಿಗೆ ಆದ್ರೆ?"

ರಜೆಗೆ ಬಂದಿದ್ದ ಅತ್ತೆಯ ಮಗಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಮ್ಮ, ಇದೆಲ್ಲ ನಿಜಾನಾ?" ಎಂದಳು.

"ನಿನ್ನ ಗಂಡನ ಮನೆಯವರಿಗೆ ಗೊತ್ತಾದ್ರೆ..." ಎಂದು ಅತ್ತೆ ಶುರುಮಾಡಿದಳು.

"ಚಪ್ಪಲಿ ಹಾಕ್ಕೋ, ನಡಿ" ಎಂದು ಮೇಣದಕ್ಕ ಅವಳ ಕೈ ಹಿಡಿದಳು.

ಅತ್ತೆಯ ಮಗಳಲ್ಲೂ ಆ ಜೀನ್ ಇತ್ತು. ಮೂವತ್ತೇಳರ ಅವಳು ರೋಗ ಬರುವ ಮೊದಲೇ ಅಂಡಾಶಯ, ಅಂಡನಾಳ ತೆಗೆಸುವ ಶಸ್ತ್ರಚಿಕಿತ್ಸೆಗೆ ಒಪ್ಪಿದಳು. ತೆಗೆದ ಅಂಗಗಳ ಚೂರುಗಳನ್ನೂ ಮೇಣದಕ್ಕನೇ ಕೊಯ್ದಳು. ಅಂಡನಾಳದ ತುದಿಯಲ್ಲಿ ರೋಗ ಆಗಷ್ಟೇ ಮೊಳೆತಿತ್ತು, ಎಲ್ಲೂ ಹರಡಿರಲಿಲ್ಲ. ಅವಳು ಬದುಕಿಕೊಂಡಳು.

ಆ ವರದಿ ಬಂದ ವಾರದ ಭಾನುವಾರ ಮೇಣದಕ್ಕ ಅಪ್ಪನನ್ನು ಫೋನಿನ ಮುಂದೆ ಕೂರಿಸಿ, ದಾಯಾದಿಗಳಲ್ಲಿ ಒಬ್ಬೊಬ್ಬರಿಗೂ ಹೇಳಿಸಿದಳು. ಮೊದಮೊದಲು ಅಪ್ಪ ತೊದಲಿದರು. ಆರನೆಯವರಿಗೆ, "ನನ್ನ ಕಡೆಯಿಂದಲೇ ಬಂದದ್ದು, ನಿಮ್ಮ ಹೆಣ್ಣುಮಕ್ಕಳನ್ನ ಡಾಕ್ಟರಿಗೆ ತೋರಿಸಿ" ಎಂದು ಸ್ಪಷ್ಟವಾಗಿ ಹೇಳಿದರು. ಮಂಚದಲ್ಲಿ ಮಲಗಿದ್ದ ತಂಗಿ, "ಅಕ್ಕ, ಅಪ್ಪ ಇಷ್ಟು ಮಾತಾಡಿದ್ದು ಇದೇ ಮೊದ್ಲು ಕಣೇ" ಎಂದು ನಕ್ಕಳು.

ಒಂದೂವರೆ ವರ್ಷದ ಮೇಲೆ ತಂಗಿ ತೀರಿಕೊಂಡಳು. ಅತ್ತೆ ಬಂದು ಅಮ್ಮನ ಕೈ ಹಿಡಿದು ಗೋಳೋ ಎಂದು ಅತ್ತಳು. ಅಮ್ಮ, "ಹೋಗ್ಲಿ ಬಿಡು" ಎಂದಳು.

"ಅಮ್ಮ ಬಿಟ್ಟಿರಬಹುದು ಅತ್ತೆ. ನಾನು ಬಿಟ್ಟಿಲ್ಲ" ಎಂದು ಮೇಣದಕ್ಕ ಒಳಗೆ ಹೋದಳು. ಇಂದಿಗೂ ಬಿಟ್ಟಿಲ್ಲ.