ಕುರಿಗಳ ಬಳಿ ಉಳಿದವಳು

ಹೆಸರು ತಪ್ಪು ಕೇಳಿಸಿತೇನೋ ಅಂದುಕೊಂಡೆ...
ಮತ್ತೊಮ್ಮೆ ಕೂಗಿ ಹೇಳಿಸಿದೆ.
ನಮ್ಮ ಎಸ್ತೇರಕ್ಕನೇ...
ಮನೆ ಮನೆಗೆ ಹೋಗಿ ಸತ್ಯವೇದ ಓದಿ ಹೇಳುತ್ತಿದ್ದ ಎಸ್ತೇರಕ್ಕ, ಇಂದು ಬೆಳಗ್ಗೆ ನಮ್ಮೂರು ಮೂಡಲಗಿಯಲ್ಲಿ ಪ್ಲೇಗಿನಿಂದ ತೀರಿಕೊಂಡಳು.

ಗೋಕಾಕ, ಅಂಕಲಗಿ, ಯಮಕನಮರಡಿಯ ಪ್ರಾರ್ಥನೆ ಕೂಟದ ಅಕ್ಕತಂಗಿಯರೇ,
ಈ ಕಾಗದವನ್ನು ಬೇವಿನ ಹೊಗೆಗೆ ಹಿಡಿದು ಕಳಿಸುತ್ತಿದ್ದೇನೆ.
ಮುಟ್ಟಲು ಹೆದರಿಕೆಯಾದರೆ ಒಬ್ಬರು ಓದಿರಿ, ಉಳಿದವರು ದೂರ ಕುಳಿತು ಕೇಳಿರಿ.
ನಾನು ತಪ್ಪು ತಿಳಿಯುವುದಿಲ್ಲ...

ಇಲಿ ಸತ್ತು ಬೀಳತೊಡಗಿದ ಮೇಲೆ ಊರು ಖಾಲಿಯಾಗಿದೆ.
ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದೇವೆ.
ಎದ್ದ ಕೂಡಲೇ ಕಂಕುಳು ಮುಟ್ಟಿ ನೋಡಿಕೊಳ್ಳುತ್ತೇನೆ, ಗಂಟು ಎದ್ದಿದೆಯೋ ಎಂದು.
ಪ್ರಾರ್ಥನೆ ಆಮೇಲೆ.
ಮೊದಲು ಪ್ರಾರ್ಥನೆ ಆಗಬೇಕಿತ್ತು... ಆಗುತ್ತಿಲ್ಲ.

ಸುದ್ದಿ ತಂದ ತಳವಾರ ಭೀಮಪ್ಪ ಹಳ್ಳದ ಆಚೆ ದಂಡೆಯಲ್ಲೇ ನಿಂತ.
“ಇತ್ತಾಗ ದಾಟಬ್ಯಾಡ್ರಿ ಬಾಯಾರ. ಎಸ್ತೇರಬಾಯಾರನ್ನ ಮಣ್ಣು ಮಾಡಿ ಬಂದೇವ್ರಿ.”
“ಬಾಳವ್ವ?”
“ಮುದುಕಿ ಜೀವ ಐತ್ರಿ. ನೀರು ನೀರು ಅನ್ನಾಕತ್ತಾಳ. ಹೊಸ್ತಿಲದ ಮ್ಯಾಲ ತಂಬಗಿ ಇಟ್ಟು ಬಂದೇನ್ರಿ. ಒಳಗ ಹೋಗಾಕ ಧೈರ್ಯ ಸಾಲಲಿಲ್ಲ.”
“ಯಾರದಾರ ಆಕಿ ಹತ್ರ?”
“ಈಗ ಯಾರೂ ಇಲ್ರಿ.”

ಬಾಳವ್ವ ಕುರುಬರ ಮನೆಯ ಮುದುಕಿ. ನಮ್ಮ ಮತದವಳಲ್ಲ.
ಆದರೂ ಕ್ರಿಸ್ಮಸ್ಸಿಗೆ ಮುಂಚಿನ ಆಗಮನದ ದಿನಗಳು ಬಂದವೆಂದರೆ ಎಸ್ತೇರಕ್ಕನನ್ನು ತನ್ನ ಕಟ್ಟೆಗೆ ಕರೆದು ಕೂರಿಸಿಕೊಳ್ಳುತ್ತಿದ್ದಳು.
“ನಮ್ಮವರ ಸುದ್ದಿ ಓದ್ರಿ” ಅನ್ನುತ್ತಿದ್ದಳು.
ನಮ್ಮವರೆಂದರೆ ಬೆತ್ಲೆಹೇಮಿನ ಕುರುಬರು.

ಈ ವರ್ಷ ಆಗಮನದ ಮೊದಲ ರವಿವಾರ ನಾನೂ ಅಲ್ಲಿದ್ದೆ.
ಬಾಳವ್ವ ಉಣ್ಣೆ ನೂಲುತ್ತ ಕೇಳುತ್ತಿದ್ದಳು. ದೇವದೂತನ ಮಾತು ಕೇಳಿ ಕುರುಬರು ಕೂಸು ನೋಡಲು ಹೊರಟ ಜಾಗ ಬಂತು. ಕದರು ನಿಲ್ಲಿಸಿದಳು.
“ಎಲ್ಲಾರೂ ಹ್ವಾದ್ರಂದ್ರ ಕುರಿ ಯಾರು ಕಾದ್ರು? ತ್ವಾಳಕ್ಕೂ ದೇವದೂತ ಹೇಳಿ ಬಂದಿದ್ನೇನು?”
ಎಸ್ತೇರಕ್ಕ ನಕ್ಕುಬಿಟ್ಟಳು. “ಅದನ್ನ ಬರದಿಲ್ಲ ಬಾಳವ್ವ.”
“ಬರದವರು ಗಂಡಸರು, ಅದಕ್ಕ. ಒಬ್ಬಾಕಿ ಮುದುಕಿ ಹಿಂದ ಉಳದಿರತಾಳ ತಗೋರಿ.”

ಅಂದು ನಾನು ಬೇರೊಂದು ಮಾತು ಕೇಳಿದ್ದೆ. ಪುಸ್ತಕದಲ್ಲಿ ಹೆದರಬೇಡ ಎಂದಿರುವ ಕಡೆಯಲ್ಲೆಲ್ಲ ಅಕ್ಕ ನಮ್ಮ ಮಾತಿನಲ್ಲಿ “ಅಂಜಬ್ಯಾಡ” ಎಂದೇ ಓದುತ್ತಿದ್ದಳು.
ಜಕರೀಯನಿಗೆ ದೂತ ಹೇಳಿದ್ದು ಅದೇ ಮಾತು. ಮರಿಯಳಿಗೆ ಅದೇ. ಯೋಸೇಫನಿಗೂ, ಕುರುಬರಿಗೂ ಅದೇ...
“ಪ್ರತಿ ಸಲ ಯಾಕ ಇದನ್ನ ಹೇಳತಾನಕ್ಕಾ?” ಅಂದೆ.
“ಎಲ್ಲಾರೂ ಅಂಜಿದ್ರು, ಅದಕ್ಕ. ಅಂಜದವರ ಮನಿಗೆ ದೂತ ಯಾಕ ಬರತಾನ? ಅವರಿಗೆ ಏನು ಹೇಳೂದೈತಿ?”

ಎಸ್ತೇರಕ್ಕಾ...
ಊರು ಬಿಟ್ಟ ದಿನ ನಾನು ನಿನ್ನ ಸೆರಗು ಹಿಡಿದು ಜಗ್ಗಿದ್ದು ನೆನಪಿದೆಯೇ?
ಬಾಳವ್ವನಿಗೆ ಆಗಲೇ ಜ್ವರ ಏರಿತ್ತು. ಅವಳ ಮಕ್ಕಳು ಕುರಿ ಹೊಡೆದುಕೊಂಡು ಎತ್ತಲೋ ಹೋಗಿದ್ದರು.
“ನೀ ನಡಿ. ನಾ ಆಕಿ ಹತ್ರ ಇರ್ತೇನಿ” ಎಂದು ನೀನು ಹೇಳಿದೆ.
“ನಿನಗ ಅಂಜಿಕಿ ಬರೂದಿಲ್ಲೇನಕ್ಕಾ?” ಎಂದು ನಾನು ಕೇಳಿದೆ.
ನೀನು ಕೈ ಮುಂದೆ ಚಾಚಿದೆ. “ಹಿಡದು ನೋಡು.”
ಆಗಷ್ಟೇ ಸೇದಿದ ಕೊಡದ ಹಾಗೆ ತಣ್ಣಗಿತ್ತು ಆ ಕೈ...
ಅದೇ ಕೈಯಿಂದ ನೀನು ಬಾಳವ್ವನ ಬಾಗಿಲು ದೂಡಿದೆ.

ಅಕ್ಕತಂಗಿಯರೇ,
ಇದನ್ನು ಬರೆಯುತ್ತಿರುವಾಗಲೂ ಆ ಮುದುಕಿ ಒಬ್ಬಳೇ ಇದ್ದಾಳೆ. ನೀರು ಹೊಸ್ತಿಲ ಮೇಲಿದೆ. ಅವಳು ಒಳಗಿದ್ದಾಳೆ.
ಇಲಿ ಸತ್ತ ಮನೆಗೆ ಕಾಲಿಡಬಾರದೆಂದು ಡಾಕ್ಟರು ಹೇಳಿದ್ದು ನನಗೂ ಗೊತ್ತು.
ನಾನು ಬಾಳವ್ವನ ಹತ್ತಿರ ಹೋಗುತ್ತೇನೆಂದು ಸೊಸೆಗೆ ಹೇಳಿದೆ. ಅವಳು ಅತ್ತಳು.
“ಹೋಗ್ರಿ ಅತ್ತಿ. ಆದ್ರ ಈ ಗುಡಿಸಲಕ್ಕ ಹೊಳ್ಳಿ ಬರಬ್ಯಾಡ್ರಿ” ಅಂದಳು.
ಮಡಿಲಲ್ಲಿ ಎಳೆಕೂಸಿದೆ. ಅವಳು ಹೇಳಿದ್ದು ಸರಿ...
ಕೂಸಿನ ಕಾಲು ಮುಟ್ಟಿ ಬರಬೇಕೆನಿಸಿತು. ಮುಟ್ಟಲಿಲ್ಲ.

ಬಾಳವ್ವನನ್ನು ಹೇಗಾದರೂ ಹೊರಗೆ ತಂದು ಬೇವಿನ ಗಿಡದ ಕೆಳಗೆ ಮಲಗಿಸಲು ನೋಡುತ್ತೇನೆ.
ನೀವು ಈ ರವಿವಾರ ಇತ್ತ ಬರಬೇಡಿ. ಅಲ್ಲಲ್ಲಿಯೇ ಕುರುಬರ ಭಾಗ ಓದಿರಿ. ನಿಧಾನವಾಗಿ ಓದಿರಿ. ಕುರಿಗಳ ಬಳಿ ಉಳಿದವಳ ಹೆಸರು ಅದರಲ್ಲಿಲ್ಲ, ನೀವು ಹೇಳಿಕೊಳ್ಳಿರಿ...
ಎಸ್ತೇರ ಎಂದು.

ನನಗೆ ಧೈರ್ಯ ಬಂದಿಲ್ಲ. ಬರುತ್ತದೆಂದು ಮಧ್ಯಾಹ್ನದವರೆಗೂ ಕಾದೆ. ಇನ್ನು ಕಾದರೆ ಮುದುಕಿ ಉಳಿಯುವುದಿಲ್ಲ.

ಅಕ್ಕಾ, ಈಗ ನನ್ನ ಕೈ ಹಿಡಿದು ನೋಡಬೇಕಿತ್ತು ನೀನು.
ಅಷ್ಟೇ ತಣ್ಣಗಿದೆ.
ಹಳ್ಳದ ದಂಡೆಗೆ ಬಂದಿದ್ದೇನೆ...
ನೀನಿನ್ನು ಮಲಗು. ನಿನ್ನ ಪಾಳಿ ಮುಗಿಯಿತು.
ಯಾರ ಬರವನ್ನು ಎದುರುನೋಡುತ್ತಿದ್ದೆಯೋ, ಆತನ ಬಳಿ ನಿನ್ನ ಜೀವ ಅಂಜಿಕೆಯಿಲ್ಲದೆ ತಂಪಾಗಿರಲಿ.