ದಿಣ್ಣೆಯಲ್ಲಿ ಸೋತ ಹಾರ್ಸ್‌ಪವರ್

ಚಿಗಟೇರಿ ಹತ್ತಿರದ ದಿಣ್ಣೆ ಏರುವಾಗ, ಕುರಿಹಿಂಡಿನ ನಡುವೆ ನಮ್ಮ ಕಾರು ಆಫ್ ಆಯಿತು. "ಅಕ್ಕಾ, ಹಗುರ ಫ್ಲೈವೀಲು, ಹೊಸ ಕ್ಲಚ್ಚು ಹಾಕಿಸೀನಿ, ಹಾರ್ಸ್‌ಪವರ್ ಹೆಚ್ಚಾಗೈತಿ" ಎಂದು ಕೊಟ್ಟೂರಿನಿಂದ ಕೊಚ್ಚಿಕೊಳ್ಳುತ್ತಿದ್ದ ತಮ್ಮ ಈಗ ಬೆವರುತ್ತಿದ್ದ. ಬ್ರೇಕ್ ಬಿಟ್ಟು ಕ್ಲಚ್ ಎತ್ತಿದಾಗಲೆಲ್ಲ ಎಂಜಿನ್ ನಿಂತು, ಕಾರು ಮೊಳದಷ್ಟು ಹಿಂದಕ್ಕೆ ಜಾರುತ್ತಿತ್ತು. ಹಿಂದೆ ಎಳೆಯ ಮರಿಗಳಿದ್ದವು. ಕುರಿ ಕಾಯುವ ಹೆಂಗಸು ಓಡಿಬಂದು ಗಾಲಿಯಡಿ ಕಲ್ಲು ಒತ್ತಿ ಚೀರಿದಳು: "ನಡಿಯಾಕ ಬರಲಾರದ ಗಾಡೀನ ಯಾಕ ತಂದೀಯಪ್ಪಾ ರೋಡಿಗೆ?" ಹಿಂಡು ಸರಿದ ಮೇಲೆ, ಆ ಕಲ್ಲಿನ ಆಸರೆಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿಯೇ ನಾವು ಹೊರಟದ್ದು.

ಎಂಜಿನ್ನಿನ ಓಟವನ್ನು ಹಿಡಿದಿಡುವ ಚಕ್ರವಾದ ಫ್ಲೈವೀಲು ಹಗುರಾದ್ದರಿಂದ ಎಂಜಿನ್ ಬೇಗ ಚುರುಕಾಗುತ್ತದೆ, ಬೇಗ ನಿಲ್ಲುತ್ತದೆ, ಹಾರ್ಸ್‌ಪವರ್ ಇದ್ದಷ್ಟೇ ಇದೆ ಎಂದು ಮೆಕ್ಯಾನಿಕ್ ಆಮೇಲೆ ಹೇಳಿದ. ತಮ್ಮ ಈಗ ಪವರಿನ ಮಾತೆತ್ತುವುದಿಲ್ಲ. ಅಂದು ದಿಣ್ಣೆ ಹತ್ತಿದ ಮೇಲೆ ಅವನು ಇಳಿದುಹೋಗಿ ತಂದು ಡಿಕ್ಕಿಗೆ ಹಾಕಿಕೊಂಡ ಆ ಕಲ್ಲು ಇನ್ನೂ ಅಲ್ಲೇ ಇದೆ.