ನಮ್ಮ ಕ್ಯಾಸೆಟ್ಟಿನ ವಿಮರ್ಶಕರು

ನಮ್ಮ ಕಡೆ ಕ್ಯಾಸೆಟ್ಟಿನ ಹಣೆಬರಹ ಬರೆಯುತ್ತಿದ್ದವರು ಬಸ್ಸಿನ ಡ್ರೈವರುಗಳು. ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದ ಹಾಡನ್ನು ಸಂಜೆ ಅಂಗಡಿಯಲ್ಲಿ ಹುಡುಕಿಕೊಂಡು ಹೋಗುವ ಕಾಲ ಅದು, ಎರಡು ಸಾವಿರದ ಇಸವಿಯ ಆಸುಪಾಸು. ಹಾಗಾಗಿ ನಮ್ಮ ಬ್ಯಾಂಡಿನ ಆಲ್ಬಂ ಕ್ಯಾಸೆಟ್ಟಾಗಿ ಕೈಗೆ ಬಂದಾಗ ನಾವು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಸಿಕ್ಕಸಿಕ್ಕ ಡ್ರೈವರುಗಳಿಗೆ ಹಂಚಿದ್ದು. ಇಂಥ ದಡ್ಡ ಕೆಲಸ ನಾವಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ.

ನಮ್ಮಂಥವರ ಸಂಗೀತಕ್ಕೆ ಈಗಿನವರು ಇಂಡೀ ರಾಕ್ ಎನ್ನುತ್ತಾರೆ. ನಮಗೆ ಆಗ ಹೆಸರೇ ಗೊತ್ತಿರಲಿಲ್ಲ. ಮಣಿಪಾಲದಲ್ಲಿ ಓದುತ್ತಿದ್ದ ಮೂವರು ಹುಡುಗರು, ಅಲ್ಲೇ ಒಂದು ಲ್ಯಾಬಿನಲ್ಲಿ ರಿಪೋರ್ಟು ಟೈಪ್ ಮಾಡುತ್ತಿದ್ದ ನಾನು. ಅವರ ಬಾಡಿಗೆ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ ರೆಕಾರ್ಡ್ ಮಾಡಿದೆವು. ಒಂದು ಹಾಡಿನಲ್ಲಿ ಡ್ರಮ್ಸ್ ಬದಲು ಐಸ್ ಪುಡಿ ಮಾಡುವ ಸದ್ದು. ಇನ್ನೊಂದರಲ್ಲಿ ಗಿಟಾರನ್ನು ಬೇಕೆಂದೇ ಶ್ರುತಿ ತಪ್ಪಿಸಿ ನುಡಿಸಿದ್ದು. ಕೊನೆಯ ಹಾಡಿನಲ್ಲಿ ಸಾಹಿತ್ಯವೇ ಇಲ್ಲ. ಬಂಗುಡೆ, ಬೂತಾಯಿ, ನಂಗ್ ಎಂದು ಮೀನಿನ ಹೆಸರುಗಳನ್ನಷ್ಟೇ ಕರೆಯುತ್ತಾ ಹೋಗುತ್ತೇನೆ, ಉಡುಪಿಯ ಮಾರ್ಕೆಟ್ಟಿನಲ್ಲಿ ನನ್ನ ಅಮ್ಮ ಗಿರಾಕಿಗಳನ್ನು ಕರೆಯುವ ರಾಗದಲ್ಲಿ. ನನ್ನದೂ ಅಮ್ಮನ ಹಾಗೆಯೇ ದಪ್ಪ ಕಂಠ.

ಕವರಿನಲ್ಲಿ ನನ್ನ ಹೆಸರು ಬೇಡ ಎಂದವಳು ನಾನೇ. ಅಪ್ಪ ಬೋಟಿನ ತಾಂಡೇಲ. ಸಮುದ್ರದಲ್ಲಿ ಏಳೆಂಟು ಜನ ಅವರ ಮಾತಿನಂತೆ ನಡೆಯಬೇಕು, ದಡದಲ್ಲಿ ನಾವು. ಹಿಂದೊಮ್ಮೆ ನಮ್ಮೂರು ಉಚ್ಚಿಲದಲ್ಲಿ ಆರ್ಕೆಸ್ಟ್ರಾದವರ ಜೊತೆ ನಾನು ಹಾಡಿದ್ದು ತಿಳಿದಾಗ, "ಇನ್ನೊಮ್ಮೆ ಹಾಡಿದ್ದು ಗೊತ್ತಾದರೆ ಮಣಿಪಾಲದ ಕೆಲಸವೂ ಬೇಡ, ಮನೆಯಲ್ಲಿ ಕೂತುಕೋ" ಎಂದಿದ್ದರು. ಅಪ್ಪ ಬೆದರಿಸುವವರಲ್ಲ, ಹೇಳಿದ್ದನ್ನು ಮಾಡುವವರು. ಆ ಕೆಲಸವೊಂದೇ ನಾನು ಮನೆಯಿಂದ ಹೊರಬೀಳುವ ದಾರಿಯಾಗಿತ್ತು.

ಸಂಜೆ ಉಡುಪಿಯಲ್ಲಿ ಬಸ್ಸು ಹತ್ತಿದರೆ ಮುಂದಿನ ಲೇಡೀಸ್ ಸೀಟು, ತಲೆಯ ಮೇಲೆಯೇ ಸ್ಪೀಕರು. ಕಟಪಾಡಿ ದಾಟುವಷ್ಟರಲ್ಲಿ ನನ್ನದೇ ಧ್ವನಿ ನನ್ನ ನೆತ್ತಿಗೆ ಬಡಿಯತೊಡಗುತ್ತಿತ್ತು.

"ಎಂತ ಮಾರಾಯ್ರೆ ಇದು, ರೀಲು ಸಿಕ್ಕಿಹಾಕಿಕೊಂಡಿದೆಯಾ?" ಎಂದು ಹಿಂದಿನಿಂದ ಒಬ್ಬರು.

"ಆ ಗಂಡಸಿಗೆ ಶೀತ ಆಗಿದೆ, ಯಾರಾದರೂ ಕಷಾಯ ಮಾಡಿ ಕೊಡಿ," ಎಂದು ಇನ್ನೊಬ್ಬರು.

ಬಸ್ಸೆಲ್ಲ ನಗು. ನಾನೂ ನಕ್ಕೆ. ನಗದೆ ಕೂತರೆ ಪಕ್ಕದವರಿಗೆ ಅನುಮಾನ ಬಂದೀತು ಎಂಬ ಭಯ. ಡ್ರೈವರಿಗೆ ಮಾತ್ರ ಯಾರ ಲೆಕ್ಕವೂ ಇಲ್ಲ. "ಸಿನಿಮಾ ಹಾಡು ಹಾಕಿದರೆ ಎಲ್ಲ ನಿದ್ದೆ ಮಾಡ್ತೀರಿ. ಇದು ಹಾಕಿದರೆ ಬೈಲಿಕ್ಕಾದರೂ ಎದ್ದು ಕೂತುಕೊಳ್ತೀರಿ, ಅಲ್ವಾ?" ಎಂದು ಸೌಂಡು ಏರಿಸುತ್ತಿದ್ದರು. ಇಳಿದು ಬೇರೆ ಬಸ್ಸು ಹಿಡಿದರೆ ಮನೆಗೆ ತಡ, ತಡವಾದರೆ ಪ್ರಶ್ನೆ. ಹಾಗಾಗಿ ದಿನವೂ ಅದೇ ಬಸ್ಸು, ಅದೇ ಸೀಟು, ಅದೇ ಬೈಗುಳ. ಕಾಪು ಬಂದರೆ ಅರ್ಧ ಮುಗಿಯಿತು ಎಂದು ಉಸಿರು ಬಿಡುತ್ತಿದ್ದೆ.

ಅಷ್ಟರಲ್ಲಿ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನಮ್ಮ ವಿಮರ್ಶೆ ಬಂತು. ಬಜಗೋಳಿಯ ಹುಡುಗ, ನಮ್ಮ ಗಿಟಾರಿನವನು, ಬನ್ನಂಜೆಯ ಹೋಟೆಲಿನಲ್ಲಿ ಅದನ್ನು ಮೇಜಿನ ಮೇಲೆ ಹರಡಿದ. ಬಸ್ಸಿನವರು ಬೈದದ್ದನ್ನೆಲ್ಲ ಆ ವಿಮರ್ಶಕರು ಹೊಗಳಿದ್ದರು. ಶ್ರುತಿ ತಪ್ಪಿದ ಗಿಟಾರು ಧೈರ್ಯವಂತೆ, ಐಸಿನ ಸದ್ದು ಹೊಸ ದಾರಿಯಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಕಡಲಿನಲ್ಲಿ ದುಡಿದು ಒರಟಾದ ಯುವಕನೊಬ್ಬನ ಕಂಠವಂತೆ, ಇಂಥ ಗಂಡುಧ್ವನಿ ಈಚೆಗೆ ಕೇಳಿಲ್ಲವಂತೆ. ಓದುತ್ತಾ ನನ್ನ ಕಿವಿ ಬಿಸಿಯಾಯಿತು. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಯಾರೂ ಬರೆದಿರಲಿಲ್ಲ, ಬರೆದದ್ದು ನೋಡಿದರೆ ಅದು ನನ್ನ ಬಗ್ಗೆ ಆಗಿರಲಿಲ್ಲ.

"ಹಾಡಿದ್ದು ಹುಡುಗಿ ಅಂತ ಪೇಪರಿನವರಿಗೆ ಹೇಳುವ ಮಾರಾಯ್ತಿ. ಇಷ್ಟು ಚಂದ ಬರೆದಿದ್ದಾರೆ."

"ಹೇಳು. ಆಮೇಲೆ ನಮ್ಮ ಮನೆಗೆ ಬಂದು ಅಪ್ಪನ ಹತ್ತಿರವೂ ನೀನೇ ಮಾತಾಡು."

ಅವನು ಬನ್ಸ್ ಮುರಿದು ಬಾಯಿಗೆ ಹಾಕಿಕೊಂಡ. ಅವನ ಹೆಸರು ಕವರಿನಲ್ಲಿಯೂ ಇತ್ತು, ಪತ್ರಿಕೆಯಲ್ಲಿಯೂ ಇತ್ತು. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಅವನ ತಪ್ಪೇನೂ ಇರಲಿಲ್ಲ.

ಅಮ್ಮ ಸಾಮಾನ್ಯವಾಗಿ ಮಾರ್ಕೆಟ್ಟಿನಿಂದ ಉಳಿದ ಹೆಂಗಸರೊಂದಿಗೆ ಟೆಂಪೋದಲ್ಲಿ ಬರುವವಳು. ಆ ವಾರ ಟೆಂಪೋ ಕೆಟ್ಟು, ಖಾಲಿ ಬುಟ್ಟಿ ಹಿಡಿದು ನಮ್ಮ ಬಸ್ಸು ಹತ್ತಿದಳು. ನನ್ನ ಪಕ್ಕ ಕೂತಳು. ನಾಲ್ಕೈದು ಮಂದಿ ಮೂಗಿಗೆ ಕರವಸ್ತ್ರ ಹಿಡಿದರು. ಕ್ಯಾಸೆಟ್ಟು ಆಗಲೇ ತಿರುಗುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದೆ. ಕಾಪು ದಾಟಿತು, ಕೊನೆಯ ಹಾಡು ಶುರುವಾಯಿತು. ಬಂಗುಡೆ, ಬೂತಾಯಿ, ನಂಗ್.

ಅಮ್ಮನ ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡಿತ್ತು. ಅದು ಅಲುಗದೆ ನಿಂತದ್ದು ನನಗೆ ತಿಳಿಯಿತು.

"ಸಾಕು ಮಾರಾಯ್ರೆ, ಆ ಗಂಡಸಿನ ಬಾಯಿ ಮುಚ್ಚಿಸಿ," ಎಂದು ಯಾರೋ ಕೂಗಿದರು. ಕಂಡಕ್ಟರು ಟೇಪಿಗೆ ಕೈ ಹಾಕಿದ.

"ಇರಲಿ ಅದು," ಎಂದಳು ಅಮ್ಮ, ಮಾರ್ಕೆಟ್ಟಿನ ಸ್ವರದಲ್ಲಿ. "ಮುಗಿಯಲಿ. ನನಗೆ ಕೇಳಬೇಕು."

ಕಂಡಕ್ಟರು ಕೈ ತೆಗೆದ. ಹಾಡು ಕೊನೆಯವರೆಗೂ ಓಡಿತು. ಅಮ್ಮನದೂ ಟೇಪಿನದೂ ಒಂದೇ ಸ್ವರ ಎಂದು ಯಾರಿಗಾದರೂ ಹೊಳೆದುಬಿಡುತ್ತದೆ ಎಂದು ನಾನು ಕಾಯುತ್ತಿದ್ದೆ. ಯಾರಿಗೂ ಹೊಳೆಯಲಿಲ್ಲ.

ಉಚ್ಚಿಲದಲ್ಲಿ ಇಳಿದೆವು. ಬಸ್ಸು ಹೋಗುವವರೆಗೆ ನಿಂತು, ಅಮ್ಮ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ನಮ್ಮ ಮನೆಮಾತು ತುಳು, ಅದರಲ್ಲೇ ಮೆಲ್ಲಗೆ ಹೇಳಿದಳು.

"ಚಂದ ಉಂಟು ಮಗಾ. ತುಂಬ ಚಂದ ಉಂಟು." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಎಲ್ಲರೂ ಗಂಡಸು ಅಂತ ತಿಳಿದಿದ್ದಾರೆ, ಅಲ್ವಾ? ಹಾಗೆಯೇ ಇರಲಿ."

ಅಷ್ಟು ಖುಷಿಯೂ ಅಷ್ಟು ಸಿಟ್ಟೂ ಒಟ್ಟಿಗೇ ನನಗೆ ಮತ್ತೆಂದೂ ಆಗಿಲ್ಲ. ಹೂಂ ಎಂದೆ. ಅಪ್ಪ ಮನೆಯಲ್ಲಿದ್ದರು.